ಹಗೇವು ಬ್ಯಾರೆ, ಒಲಿ ಬ್ಯಾರೆ: ಒಸಾಕಾ ಊರಿನ ಕತಿ

ಮಗಳ ಬಾಣಂತನ ಮುಗಿಸ್ಕೊಂಡು ಜಪಾನದಿಂದ ಬಂದಾಗಿಂದ ಓಣ್ಯಾಗಿನ ವೈನಿಯವರು, ಅಬಚಿ, ಮೌಶಿ ಎಲ್ಲಾರದೂ ಒಂದ ಪ್ರಶ್ನಿ: "ಅಲ್ಲೆ ಏನೇನ ನೋಡಿದಿ? ಏನ ತಿಂದಿ?" ಫೋಟೋ ಎಲ್ಲಾ ವಾಟ್ಸಾಪ್‌ನಾಗ ನೋಡೇ ಬಿಟ್ಟೀರಿ. ಹಿಂಗಾಗಿ ಇವತ್ತ ಫೋಟೋದಾಗ ಕಾಣಲಾರದ್ದು ಒಂದಿಷ್ಟು ಹೇಳ್ತೇನಿ. ನಾ ಪಿಯುಸಿ ತನಕ ಓದಿದಾಕಿ, ಇತಿಹಾಸ ನನಗ ಪಾಸಾಗೋ ಅಷ್ಟ ಬರ್ತಿತ್ತು. ಆದ್ರ ಈ ಒಸಾಕಾ ಊರಿನ ಇತಿಹಾಸ ಅಕ್ಕಿ, ಸಾರು, ಹಿಟ್ಟು ಇವುಗಳ ಮ್ಯಾಲೆನ ನಿಂತದ. ಅದು ನಮಗ ತಿಳೀಲಾರದ ವಿಷಯ ಏನಲ್ಲ.

2025ರ ಏಪ್ರಿಲ್‌ನಾಗ ಹೋದೆ. ಹೋಗಿ ಎರಡ ದಿನ ಆಗಿತ್ತು, ಮನ್ಯಾಗ ಅಕ್ಕಿ ತೀರಿತು. ಅಳಿಯಂದ್ರು "ಬರ್ರಿ ಅತ್ಯಾ, ಅಂಗಡಿ ತೋರಿಸ್ತೇನಿ" ಅಂತ ಕರಕೊಂಡು ಹೋದ್ರು. ಅಕ್ಕಿ ಇಡೋ ಜಾಗಾ ಅರ್ಧಾ ಖಾಲಿ. ಮ್ಯಾಲೆ ಒಂದು ಕಾಗದ ಅಂಟಿಸಿದ್ರು: ಒಂದು ಮನಿಗೆ ಒಂದ ಚೀಲ. 5 ಕಿಲೋ ಚೀಲಕ್ಕ 4,200 ಯೆನ್, ಅಂದ್ರ ನಮ್ಮ 2,500 ರೂಪಾಯಿ ಹತ್ರ ಹತ್ರ. ಒಂದ ವರ್ಷದ ಹಿಂದ ಇದರ ಅರ್ಧಾ ಇತ್ತಂತ. ನನ್ನ ಮುಂದ ನಿಂತಿದ್ದ ಒಬ್ಬಾಕಿ ವಯಸ್ಸಾದ ಹೆಣಮಗಳು ಚೀಲಾ ಎತ್ತಿದ್ಲು, ಬೆಲಿ ನೋಡಿದ್ಲು, ತಿರಗಿ ಅಲ್ಲೇ ಇಟ್ಟು ನೂಡಲ್ಸ್ ಪಾಕೀಟ ತಗೊಂಡು ಹೋದ್ಲು. ಭಾಷಾ ತಿಳೀಲಿಲ್ಲಂದ್ರೂ ಆ ಲೆಕ್ಕಾ ನನಗ ತಿಳೀತು. ತೊಗರಿಬ್ಯಾಳಿ ತುಟ್ಟಿ ಆದಾಗ ನಾವು ಹೆಸರಬ್ಯಾಳಿಗೆ ಕೈ ಹಾಕ್ತೇವಲ್ಲ, ಹಂಗ.

ಬರೋ ಮುಂದ ಅಳಿಯಂದ್ರು ಹೇಳಿದ್ರು, "ಈ ಊರಿಗೆ ಹಿಂದಕ ತೆನ್ಕಾ ನೊ ದೈದೊಕೊರೊ ಅಂತಿದ್ರು ಅತ್ಯಾ. ಅಂದ್ರ ದೇಶದ ಅಡಿಗಿಮನಿ." ಅಡಿಗಿಮನಿ ಅನಿಸ್ಕೊಂಡ ಊರಾಗ ಅಕ್ಕಿ ಅಳದು ಕೊಡೋ ಹೊತ್ತು ಯಾಕ ಬಂತು? ಈ ಪ್ರಶ್ನಿ ನನ್ನ ತಲ್ಯಾಗ ಕೂತು ಬಿಟ್ತು. ಕೂಸು ಮಲಗಿದಾಗ ಮಗಳು ಓದಿ ಹೇಳಿದ್ದು, ಅಳಿಯಂದ್ರ ಸುಟಿ ದಿನ ತಿರಗ್ಯಾಡಿದ್ದು, ಕೆಳಗಿನ ಮನಿ ಅಜ್ಜಿ ಹೇಳಿದ್ದು, ಎಲ್ಲಾ ಕೂಡಿಸಿ ಬರೀಲಿಕತ್ತೇನಿ.

ಒಸಾಕಾ ನೀರಿನ ಊರು. ಯೊದೊ ಅನ್ನೋ ನದಿ ಇಲ್ಲೆ ಸಮುದ್ರ ಕೂಡ್ತದ. ಊರ ತುಂಬ ಕಾಲುವಿ, ಕಾಲುವಿ ಮ್ಯಾಲೆ ಸೇತುವಿ. "ಎಂಟುನೂರಾ ಎಂಟು ಸೇತುವಿ ಊರು" ಅಂತ ಹಳೇ ಮಂದಿ ಅಂತಿದ್ರಂತ. 1583ರಾಗ ತೊಯೊತೊಮಿ ಹಿದೆಯೊಶಿ ಅನ್ನೋ ದೊರಿ ಇಲ್ಲೆ ಕೋಟೆ ಕಟ್ಟಿಸ್ಲಿಕ್ಕೆ ಸುರು ಮಾಡಿದ. ಅಂವಾ ಹುಟ್ಟಾ ಅರಸಲ್ಲ, ಬಡವರ ಮನಿ ಹುಡುಗ, ಸಣ್ಣ ಸಿಪಾಯಿ ಆಗಿ ಮ್ಯಾಲೆ ಬಂದಾಂವ. ಕೋಟೆ ಸುತ್ತ ವ್ಯಾಪಾರಸ್ಥರನ್ನ ಕರಸಿ ಪ್ಯಾಟಿ ಕೂಡಿಸಿದ. ಅಂವಾ ಸತ್ತ ಮ್ಯಾಲೆ 1615ರಾಗ ತೊಕುಗಾವಾ ಮನೆತನದವರು ಯುದ್ಧ ಗೆದ್ದು ಅವನ ವಂಶ ಮುಗಿಸಿದ್ರು. ಆಡಳಿತ ಈಗಿನ ತೊಕಿಯೊ ಕಡೆ ಹೋತು. ಒಸಾಕಾಕ್ಕ ಉಳಿದಿದ್ದು ವ್ಯಾಪಾರ.

ಆ ಕಾಲದಾಗ ರೈತರು ಕಂದಾಯ ರೊಕ್ಕದಾಗ ಕೊಡ್ತಿರಲಿಲ್ಲ, ಅಕ್ಕಿ ಕೊಡ್ತಿದ್ರು. ಒಬ್ಬ ಸರದಾರ ಎಷ್ಟು ದೊಡ್ಡಾಂವ ಅನ್ನೋದನ್ನೂ ಅಕ್ಕಿಯಿಂದನ ಅಳೀತಿದ್ರು. ಆ ಅಳತಿಗೆ ಕೊಕು ಅಂತಾರ. ಒಂದು ಕೊಕು ಅಂದ್ರ ಸುಮಾರು 150 ಕಿಲೋ ಅಕ್ಕಿ, ಒಬ್ಬ ಮನುಷ್ಯಾಗ ಒಂದು ವರ್ಷದ ಊಟ. ಸರದಾರರಿಗೆ ಅಕ್ಕಿ ಬಂತು ಖರೆ, ಖರ್ಚಿಗೆ ಬೆಳ್ಳಿ ರೊಕ್ಕ ಬೇಕಲ್ಲ. ಅದಕ್ಕ ಜಪಾನದ ಮೂಲಿಮೂಲಿಯಿಂದ ಹಡಗಿನಾಗ ಅಕ್ಕಿ ಒಸಾಕಾಕ್ಕ ಬರ್ತಿತ್ತು. ನಾಕಾನೋಶಿಮಾ ಅಂತ ಎರಡು ಹೊಳಿ ನಡುವ ಒಂದು ಉದ್ದನ್ನ ನಡುಗಡ್ಡಿ ಅದ. ಅದರ ಮ್ಯಾಲೆ, ಅದರ ಆಚೆ ಈಚೆ ದಂಡಿ ಮ್ಯಾಲೆ, ನೂರಕ್ಕಿಂತ ಹೆಚ್ಚು ಸರದಾರರ ಉಗ್ರಾಣ ಇದ್ದ್ವು. ಹಡಗು ನೀರಾಗಿಂದ ಸೀದಾ ಬಾಗಲಿಗೆ ಬರ್ತಿತ್ತು.

ಈಗ ಅಲ್ಲೆ ಹೋದ್ರ ಆ ಉಗ್ರಾಣ ಒಂದೂ ಕಾಣೂದಿಲ್ಲ. ನಗರಸಭಾ ಕಟ್ಟಡ, 1904ರ ಕಲ್ಲಿನ ಗ್ರಂಥಾಲಯ, 1918ರಾಗ ಕಟ್ಟಿದ ಕೆಂಪು ಇಟ್ಟಂಗಿ ಸಭಾಭವನ, ಗುಲಾಬಿ ತ್ವಾಟ ಅವ. ಮೇ ತಿಂಗಳದಾಗ ಗುಲಾಬಿ ಅರಳಿದ್ವು, ಕೂಸಿನ್ನ ಗಾಡ್ಯಾಗ ಕೂಡಿಸ್ಕೊಂಡು ನಡದ್ವಿ. ಅಲ್ಲಿಂದ ಸನೇದಾಗ ದೋಜಿಮಾ ಅನ್ನೋ ಕಡೆ ಹೊಳಿ ದಂಡಿಗೆ ಒಂದು ಗುರ್ತಿನ ಕಲ್ಲು ಇಟ್ಟಾರ. ಮಂದಿ ನೋಡದ ದಾಟಿ ಹೋಗ್ತಾರ. ಆ ಜಾಗಾ ಮಾತ್ರ ಜಗತ್ತಿನ ವ್ಯಾಪಾರದ ಇತಿಹಾಸದಾಗ ದೊಡ್ಡ ಜಾಗಾ.

1697ರ ಸುಮಾರಿಗೆ ಒಸಾಕಾದ ಅಕ್ಕಿ ಪ್ಯಾಟಿ ದೋಜಿಮಾಕ್ಕ ಬಂತು. ಅಲ್ಲೆ ಮಾರ್ತಿದ್ದದ್ದು ಅಕ್ಕಿ ಅಲ್ಲ, ಅಕ್ಕಿ ಚೀಟಿ. ಇಂಥಾ ಉಗ್ರಾಣದಾಗ ನಂದು ಇಷ್ಟು ಅಕ್ಕಿ ಅದ ಅಂತ ಬರದ ಕಾಗದ. ಆಮ್ಯಾಲೆ ಇನ್ನೂ ಮುಂದ ಹೋಗಿ, ಇನ್ನೂ ಬರಲಾರದ ಅಕ್ಕಿನೂ ಮಾರ್ಲಿಕ್ಕೆ ಸುರು ಮಾಡಿದ್ರು. ನಮ್ಮ ಹುಬ್ಬಳ್ಳಿ ಅಡತಿ ಅಂಗಡಿಯವರಿಗೆ ಕೇಳ್ರಿ, ಇದಕ್ಕ ಸಟ್ಟಾ ಅಂತಾರ. 1730ರಾಗ ಸರಕಾರನ ಇದಕ್ಕ ಒಪ್ಪಿಗಿ ಕೊಡ್ತು. ಯಾಕಂದ್ರ ಅಕ್ಕಿ ಸೋವಿ ಆದ್ರ ಅಕ್ಕಿಯೊಳಗ ಪಗಾರ ತಗೊಳ್ಳೋ ಸಾಮುರಾಯಿಗಳಿಗೆ ಲುಕ್ಸಾನು. ಬೆಲಿ ಎತ್ತಿ ಹಿಡೀಬೇಕಾಗಿತ್ತು. ನಾವೆಲ್ಲಾ ಬೆಲಿ ಇಳೀಲಿ ಅಂತ ಬೇಡ್ಕೊಂಡ್ರ, ಅಲ್ಲಿ ದೊರಿಗಳು ಏರ್ಲಿ ಅಂತ ಬೇಡ್ಕೊತಿದ್ರು ನೋಡ್ರಿ.

ಆ ಪ್ಯಾಟಿ ನಡೀತಿದ್ದ ರೀತಿ ಕೇಳಿದ್ರ ನಗು ಬರ್ತದ. ಒಂದು ಹೊಗಿ ಹಾಯೋ ಹಗ್ಗಕ್ಕ ಬೆಂಕಿ ಹಚ್ಚಿ ತೂಗ ಹಾಕ್ತಿದ್ರು. ಅದು ಆರಿದಾಗ ಇದ್ದ ಬೆಲಿನ ಅವತ್ತಿನ ಬೆಲಿ. ಹಗ್ಗ ಆರಿದ್ರೂ ದಲಾಲರು ಚೀರಾಡೋದು ನಿಲ್ಲಸ್ತಿರಲಿಲ್ಲ. ಆವಾಗ ನೀರು ಉಗ್ಗೋ ಆಳು ಬಂದು ಬಕೀಟಿನಿಂದ ಮೈಮ್ಯಾಲೆ ನೀರು ಹೊಡದು ಮನಿಗೆ ಅಟ್ಟತಿದ್ರಂತ. ಅವತ್ತಿನ ಬೆಲಿ ದೂರದ ಊರಿಗೆ ತಿಳಸ್ಲಿಕ್ಕೆ ಗುಡ್ಡದ ಮ್ಯಾಲೆ ಆಳು ನಿಂದ್ರಿಸಿ ದೊಡ್ಡ ಬಾವುಟ ಬೀಸಿ, ಆ ಗುಡ್ಡದಿಂದ ಈ ಗುಡ್ಡಕ್ಕ ಸುದ್ದಿ ದಾಟಸ್ತಿದ್ರು. ತಾರು, ಫೋನು ಇಲ್ಲದ ಕಾಲ ಅದು.

ಇಷ್ಟೆಲ್ಲಾ ಕೇಳಿ ನಾ ಮಗಳಿಗೆ ಅಂದೆ, "ಇದು ಅಡಿಗಿಮನಿ ಎಲ್ಲಿ ಆತವಾ? ಇದು ಹಗೇವು." ನಮ್ಮ ಅಜ್ಜಿ ಮನ್ಯಾಗ ಅಂಗಳದ ಕೆಳಗ ಹಗೇವು ಇತ್ತು, ಮೂವತ್ತು ನಲವತ್ತು ಚೀಲ ಜ್ವಾಳ ಹಿಡೀತಿತ್ತು. ಹಗೇವು ತುಂಬಿದ್ರ ಗಂಡಸರು ಮೀಸಿ ತಿರುವ್ತಿದ್ರು. ಆದ್ರ ಅಜ್ಜಿ ಒಂದ ಮಾತು ಅಂತಿದ್ಲು: ಹಗೇವು ಬ್ಯಾರೆ, ಒಲಿ ಬ್ಯಾರೆ. ಹಗೇದಾಗ ಇದ್ದದ್ದು ಹೊತ್ತಿಗೆ ಸರಿಯಾಗಿ ಒಲಿ ಮ್ಯಾಲೆ ಬರಲಿಲ್ಲಂದ್ರ ಮಕ್ಕಳು ಹಸದ ಮಲಗ್ತಾವ.

ಒಸಾಕಾದಾಗ ಆದದ್ದೂ ಹಂಗ. 1833ರಿಂದ ಜಪಾನದಾಗ ದೊಡ್ಡ ಬರಗಾಲ ಬಿತ್ತು. ತಂಪು, ಮಳಿ ಹೆಚ್ಚಾಗಿ ಬೆಳಿ ಹೋತು. ಅಕ್ಕಿ ತುಟ್ಟಿ ಆತು. ಒಸಾಕಾದ ಬಡವರು ಬೀದ್ಯಾಗ ಸಾಯ್ಲಿಕ್ಕೆ ಹತ್ತಿದ್ರು. ಅಂಥಾದ್ರಾಗ ಊರಿನ ಅಧಿಕಾರಿ ಅಕ್ಕಿ ಎದೊ ಊರಿಗೆ, ಅಂದ್ರ ಈಗಿನ ತೊಕಿಯೊಕ್ಕ, ಕಳಸ್ತಿದ್ದ. ಓಶಿಯೊ ಹೇಹಾಚಿರೋ ಅಂತ ಒಬ್ಬಾಂವ ಇದ್ದ. ಮೊದಲ ಪೋಲೀಸ ಅಧಿಕಾರಿ ಆಗಿದ್ದಾಂವ, ಆಮ್ಯಾಲೆ ನೌಕರಿ ಬಿಟ್ಟು ಮನ್ಯಾಗ ಸಾಲಿ ನಡಸ್ತಿದ್ದ. ಉಗ್ರಾಣ ತಗೀರಿ ಅಂತ ಅಧಿಕಾರಿಗೆ ಬೇಡ್ಕೊಂಡ, ಸಾಹುಕಾರರಿಗೆ ಸಾಲಾ ಕೇಳಿದ. ಯಾರೂ ಕೊಡಲಿಲ್ಲ. ಕಡೀಕ ಜೀವಮಾನ ಎಲ್ಲಾ ಕೂಡಿಸಿದ್ದ ತನ್ನ ಪುಸ್ತಕ ಅಷ್ಟೂ ಮಾರಿ ಬಂದ ರೊಕ್ಕ ಬಡವರಿಗೆ ಹಂಚಿದ.

1837ರ ಮಾರ್ಚ್‌ನಾಗ ಅಂವಾ "ಜನರನ್ನ ಉಳಸ್ರಿ" ಅಂತ ಬರದ ಬಾವುಟ ಹಿಡಕೊಂಡು ಶಿಷ್ಯರ ಜೋಡಿ ಬೀದಿಗೆ ಇಳದ. ರೈತರು, ಬಡವರು ಹಿಂದ ಬಂದ್ರು. ಸಾಹುಕಾರರ ಮನಿ, ಉಗ್ರಾಣಕ್ಕ ಬೆಂಕಿ ಹಚ್ಚಿದ್ರು. ದಂಗೆ ಒಂದ ದಿನಕ್ಕ ಮುಗೀತು. ಬೆಂಕಿ ಮಾತ್ರ ಮುಗೀಲಿಲ್ಲ, 3,000ಕ್ಕಿಂತ ಹೆಚ್ಚು ಮನಿ ಸುಟ್ಟ್ವು. ಸುಟ್ಟದ್ರಾಗ ಬಡವರ ಮನಿನೂ ಇದ್ದ್ವು, ಅದನ್ನ ಮರೀಬಾರದು. ಓಶಿಯೊ ಸುಮಾರು 40 ದಿನ ಅಡಗಿದ್ದು, ಹಿಡೀಲಿಕ್ಕೆ ಬಂದಾಗ ತಾನಿದ್ದ ಮನಿಗೆ ತಾನ ಬೆಂಕಿ ಹಚ್ಕೊಂಡು ಸತ್ತ. ಅಂವಾ ಮಾಡಿದ್ದು ಸರಿನೋ ತಪ್ಪೋ ನಾ ಹೇಳಲಾರೆ. ದೇಶದ ಅಕ್ಕಿ ಎಲ್ಲಾ ತನ್ನ ದಂಡಿಗೆ ಇದ್ದ ಊರಾಗ ಮಂದಿ ಅನ್ನ ಇಲ್ಲದ ಸತ್ರು, ಅದು ಮಾತ್ರ ಖರೆ.

ಹಂಗಾರ ಈ ಊರಾಗ ಒಲಿ ಎಲ್ಲೆ ಇತ್ತು? ಅದನ್ನ ಹುಡುಕ್ಲಿಕ್ಕೆ ಸಾರಿನಿಂದ ಸುರು ಮಾಡ್ಬೇಕು. ಅಕ್ಕಿ ಜೋಡಿ ಹಡಗಿನಾಗ ಬ್ಯಾರೆ ಸಾಮಾನೂ ಬರ್ತಿದ್ವು. ಉತ್ತರದ ಹೊಕ್ಕೈದೊ ದ್ವೀಪದಿಂದ ಕೊಂಬು ಅನ್ನೋ ಒಂದು ಕಡಲ ಸೊಪ್ಪು ಬರ್ತಿತ್ತು. ಕರ್ರಗ, ದಪ್ಪ, ಒಣಗಿದ ಚರ್ಮದ ಪಟ್ಟಿ ಇದ್ದಂಗ ಇರ್ತದ. ಹೊಕ್ಕೈದೊದಿಂದ ಪಶ್ಚಿಮದ ಸಮುದ್ರ ಹಿಡದು, ಸುತ್ತು ಹಾಕಿ, ಒಳಗಡಲಿಗೆ ಬಂದು ಒಸಾಕಾ ಮುಟ್ಟೋ ಆ ಹಡಗಿಗೆ ಕಿತಾಮಾಯೆಬುನೆ ಅಂತಿದ್ರು. ಕೊಂಬು ಬೆಳಿಯೋದು ಉತ್ತರದಾಗ, ಅದನ್ನ ಹದಾ ಮಾಡಿ ಉಣ್ಣಲಿಕ್ಕೆ ಕಲಿತದ್ದು ಒಸಾಕಾ. ಸನೇದ ಸಕಾಯಿ ಅನ್ನೋ ಊರಾಗ ಚಾಕು, ಚೂರಿ ಮಾಡೋದು ಪ್ರಸಿದ್ಧ. ಆ ಚೂರಿಯಿಂದ ಕೊಂಬುವನ್ನ ಅರಳಿ ಹಂಗ ತೆಳ್ಳಗ ಕೆರೀತಾರ.

ರಾತ್ರಿ ತಣ್ಣೀರಾಗ ಕೊಂಬು ನೆನಸಿಡೋದು, ಮುಂಜಾನೆ ಸಣ್ಣ ಉರಿ ಮ್ಯಾಲೆ ಇಡೋದು, ಕುದಿ ಬರೋ ಮೊದಲ ತಗದ ಬಿಡೋದು. ಉಳಿದ ನೀರಿಗೆ ದಾಶಿ ಅಂತಾರ. ಅದ ಅವರ ಸಾರಿನ ಮೂಲ. ನಾ ಮೊದಲ ಸಲ ಕುಡದಾಗ ಸಪ್ಪಗ ಅನಸ್ತು, ಒಗ್ಗರಣಿ ಇಲ್ಲ, ಖಾರ ಇಲ್ಲ. ನಾಕ ದಿನಕ್ಕ ನಾಲಿಗಿ ಅದನ್ನ ಹುಡುಕ್ಲಿಕ್ಕೆ ಹತ್ತು. 1908ರಾಗ ಇಕೆದಾ ಕಿಕುನಾಯೆ ಅನ್ನೋ ಪ್ರೊಫೆಸರು ಈ ಕೊಂಬು ಸಾರಿನ ರುಚಿ ಯಾವುದರಿಂದ ಬರ್ತದ ಅಂತ ಶೋಧಿಸಿ ಅದನ್ನ ಬ್ಯಾರೆ ತಗದ್ರು. ಅದ ಮುಂದ ಪುಡಿ ಆಗಿ ಜಗತ್ತೆಲ್ಲಾ ಹೋತು. ನಾವು ಗೋಬಿ ಮಂಚೂರಿ ಗಾಡಿ ಮುಂದ ನಿಂತು "ಅಜಿನೊಮೊಟೊ ಹಾಕಬ್ಯಾಡಪಾ" ಅಂತೇವಲ್ಲ, ಅದರ ತೌರುಮನಿ ಈ ಸೊಪ್ಪು.

ನಮ್ಮಂಥಾ ಶಾಕಾಹಾರಿಗಳಿಗೆ ಒಂದ ಮಾತು ಹೇಳ್ಬೇಕು. ಹೊರಗಿನ ಅಂಗಡ್ಯಾಗ ದಾಶಿಗೆ ಒಣಮೀನಿನ ಚೂರು ಕೂಡಿಸಿರ್ತಾರ. ನೋಡ್ಲಿಕ್ಕೆ ಬರೇ ನೀರು, ತಿಳಿಯೋದ ಇಲ್ಲ. ಕಿತ್ಸುನೆ ಉದೊನ್ ಅಂತ ಅದ, ದಪ್ಪ ಶಾವಗಿ ಮ್ಯಾಲೆ ಸಿಹಿ ಹಚ್ಚಿದ ಕರಿದ ತೋಫು. 1893ರಾಗ ಸುರು ಆದ ಒಸಾಕಾದ ಒಂದು ಹಳೇ ಅಂಗಡಿಯಿಂದ ಬಂದದ್ದಂತ. ಕಿತ್ಸುನೆ ಅಂದ್ರ ನರಿ, ನರಿಗೆ ಕರಿದ ತೋಫು ಸೇರ್ತದ ಅಂತ ಅವರ ನಂಬಿಕಿ. ಮಗಳು ಅದನ್ನ ಮನ್ಯಾಗ ಕೊಂಬು ಮತ್ತ ಒಣ ಅಣಬಿ ಹಾಕಿ ಮಾಡಿ ಕೊಟ್ಲು. ಬಾಣಂತಿ ಕೈಲೆ ನಾ ಮಾಡಿಸ್ಕೊಂಡು ತಿಂದೆ ಅಂತ ಯಾರೂ ಬೈಬ್ಯಾಡ್ರಿ, ಅವತ್ತ ಅಕಿಗೆ ಆರಾಮ ಇತ್ತು.

ಫೋಟೋದಾಗ ನೀವೆಲ್ಲಾ ನೋಡಿದ ದೀಪದ ಓಣಿ ದೋತೊಂಬೊರಿ. ಓಡೋ ಹುಡುಗನ ದೊಡ್ಡ ಹಲಗಿ ಅದ ಅಲ್ಲ, ಅದರ ಮೊದಲನೇದು 1935ರಾಗ ನಿಂತಿತ್ತು, ಈಗಿಂದು ಆರನೇದು. ಅಲ್ಲಿ ಕಾಲುವಿ 1612ರಾಗ ತೋಡ್ಲಿಕ್ಕೆ ಸುರು ಮಾಡಿದಾಂವ ದೋತೊನ್ ಅನ್ನೋ ಸಾಹುಕಾರ. ಅಂವಾ 1615ರ ಯುದ್ಧದಾಗ ಸತ್ತ, ಸಂಬಂಧಿಕರು ಕಾಲುವಿ ಮುಗಿಸಿದ್ರು, ಹೆಸರು ಅವನದ ಉಳೀತು. ಆ ದಂಡಿಗೆ ನಾಟಕದ ಮನಿ ಬಂದ್ವು. 1684ರಾಗ ತಾಕೆಮೊತೊ ಗಿದಾಯು ಗೊಂಬಿಯಾಟದ ಮನಿ ತಗದ. ಒಂದು ಗೊಂಬಿನ್ನ ಮೂರು ಮಂದಿ ಕೂಡಿ ಆಡಸೋ ಬುನ್ರಾಕು ಈ ಊರಾಗ ಬೆಳೀತು, ಈಗಲೂ 1984ರಾಗ ಕಟ್ಟಿದ ರಾಷ್ಟ್ರೀಯ ರಂಗಮಂದಿರದಾಗ ಆಡ್ತಾರ. ನಾಟಕಾ ಮುಂಜಾನೆಯಿಂದ ಸಂಜಿತನಕ ನಡೀತಿತ್ತು. ಪರದೆ ಬಿದ್ದಾಗ ಮಂದಿಗೆ ಹಸಿವು. ಹಂಗಾಗಿ ಚಹಾದಂಗಡಿ, ಊಟದಂಗಡಿ ಒಂದಕ್ಕೊಂದು ಹತ್ತಿ ಬಂದ್ವು. ಕಿಯೋತೊದವರು ಬಟ್ಟಿಗೆ ಹಾಕಿ ದಿವಾಳಿ, ಒಸಾಕಾದವರು ಊಟಕ್ಕ ಹಾಕಿ ದಿವಾಳಿ ಅಂತ ಅಲ್ಲೆ ಗಾದಿ ಮಾತದ.

ಆ ಗದ್ದಲದ ಹಿಂದ ಒಂದು ಸಣ್ಣ ಸಂದಿ, ಸಂದ್ಯಾಗ ಹೋಜೆನ್‌ಜಿ ಗುಡಿ. ಒಳಗಿನ ಮೂರ್ತಿ ಫುದೊ, ನಮ್ಮ ಸಂಸ್ಕೃತದ ಅಚಲ. ಬಂದವರೆಲ್ಲಾ ಸೌಟಿಲೆ ನೀರು ಹಾಕ್ತಾರ. ನೀರು ಬಿದ್ದು ಬಿದ್ದು ಮೂರ್ತಿ ತುಂಬ ಹಸರು ಪಾಚಿ ಬೆಳದದ, ಮಾರಿ ಕಾಣೂದಿಲ್ಲ. ಅಂಗಡಿ ಮುಚ್ಚಿ ಮನಿಗೆ ಹೋಗೋ ಹೆಣಮಕ್ಕಳು ನಿಂತು ನೀರು ಹಾಕಿ ಕೈ ಮುಗಿಯೋದು ನೋಡಿ ನಾನೂ ಒಂದ ಸೌಟು ಹಾಕಿ ಕೂಸಿನ ಹೆಸರಲೆ ಬೇಡ್ಕೊಂಡೆ. ಊರಾಗ ಇನ್ನೂ ಹಳೇ ಗುಡಿ ಅದ, ಶಿತೆನ್ನೋಜಿ, 593ರಾಗ ಸುರು ಆದದ್ದು. ಅಲ್ಲಿ ನಾಕು ದಿಕ್ಕು ಕಾಯೋ ದೇವರೊಳಗ ಒಬ್ಬನ ಮೂಲ ಹೆಸರು ವಿರೂಪಾಕ್ಷ. ಹಂಪಿ ವಿರೂಪಾಕ್ಷ ಅಲ್ಲ ಇಂವಾ, ಬೌದ್ಧರ ದಿಕ್ಪಾಲಕ. ಆದ್ರೂ ಆ ಹೆಸರು ಕೇಳಿ ನನಗ ಒಂದ ಗಳಿಗಿ ಮನಿಯವರು ಸಿಕ್ಕಂಗಾತು.

ಇನ್ನ ನಮ್ಮಂಥವರು ಕಾಯಿಪಲ್ಲೆ ತಗೊಳ್ಳೋ ಪ್ಯಾಟಿ. ತೆನ್‌ಮಾ ಅನ್ನೋ ಕಡೆ ಹೊಳಿ ದಂಡಿಗೆ ನೂರಾರು ವರ್ಷ ಕಾಯಿಪಲ್ಲೆ ಪ್ಯಾಟಿ ಇತ್ತು. ಈಗ ಅಲ್ಲಿಂದ ತೆನ್‌ಜಿನ್‌ಬಾಶಿಸುಜಿ ಅಂತ ಸೂರು ಹಾಕಿದ ಓಣಿ ಹೋಗ್ತದ, 2.6 ಕಿಲೋಮೀಟರು ಉದ್ದ. ಮಳಿ ಬಂದ್ರೂ ಕೊಡಿ ಬೇಕಾಗಿಲ್ಲ. ಕುರೊಮೊನ್ ಅಂದ್ರ ಕರೀ ಬಾಗಲಾ, ಹಿಂದಕ ಒಂದು ಗುಡಿ ಕರೀ ಬಾಗಲಾ ಮುಂದ ಮೀನು ಮಾರೋರು ಕೂಡ್ತಿದ್ರು. ಈಗ ಅಲ್ಲೆ ಪ್ರವಾಸಿಗರ ಗದ್ದಲ, ಬೆಲಿನೂ ಹಂಗ ಅದ. ನನಗ ತೆನ್‌ಜಿನ್‌ಬಾಶಿನ ಛೊಲೊ ಅನಸ್ತು. ಸೊಪ್ಪಿನವಳು ಕೂಸಿನ್ನ ನೋಡಿ ಒಂದು ಮೂಲಂಗಿ ಹೆಚ್ಚಿಗಿ ಹಾಕಿದ್ಲು.

1918ರ ಕತಿ ನಾ ಬಿಡಲಾರೆ, ಯಾಕಂದ್ರ ಅದು ನಮ್ಮಂಥ ಹೆಣಮಕ್ಕಳ ಕತಿ. ಮೊದಲನೇ ಮಹಾಯುದ್ಧದ ಕೊನೀ ವರ್ಷ. ಸೈಬೀರಿಯಾಕ್ಕ ದಂಡು ಹೋಗ್ತದ ಅಂತ ಸುದ್ದಿ ಬಂದ ಕೂಡ್ಲೆ ವ್ಯಾಪಾರಸ್ಥರು ಅಕ್ಕಿ ಮುಚ್ಚಿಟ್ರು, ಬೆಲಿ ನೋಡನೋಡದ್ರಾಗ ಏರ್ತು. ಜುಲೈನಾಗ ತೊಯಾಮಾ ಸೀಮಿಯ ಉಒಜು ಅನ್ನೋ ಊರಾಗ ಮೀನುಗಾರರ ಹೆಂಡಂದ್ರು ಕೂಡಿ ಬಂದರಕ್ಕ ಹೋದ್ರು. "ನಮ್ಮೂರ ಅಕ್ಕಿ ಹಡಗಿಗೆ ಹೇರಬ್ಯಾಡ್ರಿ" ಅಂತ ಅಡ್ಡ ನಿಂತ್ರು. ಅಲ್ಲಿಂದ ದೇಶ ತುಂಬ ಹಬ್ಬಿತು. ಆಗಸ್ಟ್‌ನಾಗ ಒಸಾಕಾದಾಗ ಅಕ್ಕಿ ಅಂಗಡಿ ಮುಂದ ಮಂದಿ ಮುತ್ತಿಗಿ ಹಾಕಿದ್ರು, ದಂಡು ಕರಸ್ಬೇಕಾತು. ಸೆಪ್ಟೆಂಬರ್‌ನಾಗ ಪ್ರಧಾನಮಂತ್ರಿ ತೆರಾಉಚಿ ರಾಜೀನಾಮಿ ಕೊಟ್ರು. ಸೆರಗು ಕಟ್ಟಿ ಬಂದರಕ್ಕ ಹೋದ ಹೆಣಮಕ್ಕಳಿಂದ ಸುರು ಆದದ್ದು ಸರಕಾರದ ತನಕ ಮುಟ್ಟಿತು.

ಅದ ವರ್ಷ ಏಪ್ರಿಲ್‌ನಾಗ, ಗಲಾಟೆಕ್ಕಿಂತ ಮೊದಲ, ಒಸಾಕಾ ನಗರಸಭಾ ಒಂದ ಛೊಲೊ ಕೆಲಸಾ ಮಾಡಿತ್ತು. ಊರಾಗ 4 ಕಡೆ ಸಂಸಾರಸ್ಥರ ಸಲುವಾಗಿ ಸಾರ್ವಜನಿಕ ಸಂತಿ ತಗದಿತ್ತು. ಬೆಲಿ ಬರದು ಹಚ್ಚಬೇಕು, ತೂಕ ಸರಿ ಇರಬೇಕು. 1931ರಾಗ ಊರಿಗೆಲ್ಲಾ ಒಂದ ದೊಡ್ಡ ಠೋಕ ಮಾರುಕಟ್ಟಿ ಆತು, ತೆನ್‌ಮಾದ ಹಳೇ ಪ್ಯಾಟಿ ಅದರಾಗ ಸೇರ್ತು. ದೋಜಿಮಾದ ಅಕ್ಕಿ ಸಟ್ಟಾ 1939ರಾಗ ಯುದ್ಧದ ಕಾಲದಾಗ ಬಂದಾತು.

ಕೋಟೆ ಬಗ್ಗೆ ಕೇಳಿದ್ರಲ್ಲ. ಫೋಟೋದಾಗಿನ ಆ ಹಸರು ಬಂಗಾರದ ಗೋಪುರ 1931ರಾಗ ಊರ ಮಂದಿ ದೇಣಿಗಿ ಕೊಟ್ಟು ಕಟ್ಟಿಸಿದ ಸಿಮೆಂಟಿಂದು, ಒಳಗ ಲಿಫ್ಟ್ ಅದ. ಹಳೇದಕ್ಕ 1665ರಾಗ ಸಿಡಿಲು ಬಡದು ಸುಟ್ಟಿತ್ತು. ಹೊಸಾದು ಯುದ್ಧ ದಾಟಿ ಉಳದದ್ದ ದೊಡ್ಡದು, ಯಾಕಂದ್ರ ಅದರ ಬಾಜೂಕ ತೋಫು ಮದ್ದಿನ ಕಾರಖಾನಿ ಇತ್ತು. 1945ರ ಮಾರ್ಚ್ 13ರ ರಾತ್ರಿ ಅಮೇರಿಕಾದ ವಿಮಾನ ಬಂದು ಬೆಂಕಿ ಬಾಂಬ್ ಹಾಕಿದ್ವು, ಒಂದ ರಾತ್ರಿ ಸುಮಾರು 4,000 ಮಂದಿ ಸತ್ರು. ಆಗಸ್ಟ್ 14ರ ತನಕ ಮತ್ತ ಮತ್ತ ಬಂದ್ವು. ಮರುದಿನ ಯುದ್ಧ ಮುಗೀತು. 1940ರಾಗ 32 ಲಕ್ಷ ಮಂದಿ ಇದ್ದ ಊರಾಗ ಯುದ್ಧ ಮುಗಿಯೋದ್ರಾಗ 11 ಲಕ್ಷ ಉಳದಿದ್ರು.

ಕೆಳಗಿನ ಮನಿ ಅಜ್ಜಿಗೆ ಆವಾಗ ಆರು ವರ್ಷ. ಅಕಿ ಹೇಳಿದ್ದನ್ನ ಮಗಳು ಕನ್ನಡ ಮಾಡಿದ್ಲು. ಅಕ್ಕಿ ಇಲ್ಲ, ಹಿಟ್ಟಿನ ಮುದ್ದಿ ಕುದಿಯೋ ನೀರಾಗ ಬಿಟ್ಟು ಸುಯಿತೊನ್ ಅಂತ ಉಣ್ತಿದ್ರಂತ. ದಿನಾ ಗೆಣಸು. ಇವತ್ತಿಗೂ ಅಕಿ ಗೆಣಸು ತಿನ್ನೂದಿಲ್ಲ. "ಒಂದ ಜನ್ಮಕ್ಕ ಆಗೋ ಅಷ್ಟು ತಿಂದೇನಿ" ಅಂದ್ಲು.

ಯುದ್ಧದ ಮ್ಯಾಲೆ ಅಮೇರಿಕಾದಿಂದ ಗೋಧಿ ಬಂತು. ಅಕ್ಕಿ ಉಣ್ಣೋ ಊರು ಹಿಟ್ಟಿಗೆ ತಿರಗ್ತು. ಒಕೊನೊಮಿಯಾಕಿ, ಅಂದ್ರ ಕ್ಯಾಬೇಜ ಹಾಕಿದ ದಪ್ಪ ದ್ವಾಶಿ ಇದ್ದಂಗ, ಮನಿಮನಿ ಊಟ ಆತು. ತಾಕೊಯಾಕಿ 1935ರಿಂದನ ಇತ್ತು, ಈಗ ಹಿಟ್ಟು ಸಿಗಲಿಕ್ಕೆ ಹತ್ತಿದ ಮ್ಯಾಲೆ ಓಣಿ ಓಣ್ಯಾಗ ಬಂತು. ಇವು ಸರದಾರರ ಊಟ ಅಲ್ಲ. ಇದ್ದ ಹಿಟ್ಟಿಗೆ ನೀರು ಹೆಚ್ಚು ಹಾಕಿ, ಇದ್ದ ಕಾಯಿಪಲ್ಲೆ ಕೊಚ್ಚಿ ಹಾಕಿ, ಹಂಚಿನ ಮ್ಯಾಲೆ ಹೊಟ್ಟಿ ತುಂಬಿಸೋ ಉಪಾಯ.

ಮೊಮೊಫುಕು ಅಂಡೋ ಅನ್ನೋರು ಇದ್ರು, 1910ರಾಗ ತೈವಾನದಾಗ ಹುಟ್ಟಿದವರು. ಯುದ್ಧ ಮುಗದ ಚಳಿಗಾಲದಾಗ ಒಸಾಕಾ ಉಮೆದಾದ ಕಳ್ಳಸಂತ್ಯಾಗ ಒಂದ ಬಟ್ಟಲ ಬಿಸಿ ಶಾವಗಿ ಸಾರಿಗೆ ಮಂದಿ ಉದ್ದಾನುದ್ದ ಪಾಳಿ ಹಚ್ಚಿದ್ದು ನೋಡಿದ್ರಂತ. ಮುಂದ ವ್ಯವಹಾರ ಎಲ್ಲಾ ಮುಳುಗಿ, ಇಕೆದಾದ ಮನಿ ಹಿತ್ತಲದಾಗ ಒಂದು ಗುಡಿಸಲಾ ಹಾಕ್ಕೊಂಡು ಕೂತ್ರು. ಶಾವಗಿ ಹ್ಯಾಂಗ ಒಣಗಿಸಬೇಕು ತಿಳೀಲಿಲ್ಲ. ಹೆಂಡತಿ ತೆಂಪುರಾ, ಅಂದ್ರ ಅವರ ಭಜಿ, ಕರಿಯೋದು ನೋಡಿ ಹೊಳೀತಂತ: ಎಣ್ಣ್ಯಾಗ ಕರದ್ರ ನೀರು ಹೋಗಿ ಸಣ್ಣ ಸಣ್ಣ ತೂತು ಬೀಳ್ತಾವ, ಬಿಸಿನೀರು ಹಾಕಿದ್ರ ತಿರಗಿ ಮೆತ್ತಗ ಆಗ್ತದ. 1958ರ ಆಗಸ್ಟ್‌ನಾಗ ಪಾಕೀಟ ಹೊರಗ ಬಂತು, 48 ವರ್ಷ ಅವರಿಗೆ. ಮೊದಲ ಅದು ತುಟ್ಟಿ ಸಾಮಾನು, ಹಸಿ ಉದೊನ್ 6 ಯೆನ್‌ಗೆ ಸಿಗೋವಾಗ ಇದಕ್ಕ 35 ಯೆನ್. ಈಗ ನಮ್ಮ ಮಕ್ಕಳು ಎರಡ ನಿಮಿಷದಾಗ ಬೇಕು ಅಂತಾರಲ್ಲ, ಆ ಶಾವಗಿಯ ಮೂಲ ಆ ಹಿತ್ತಲಾ. ಇಕೆದಾದಾಗ ಅದರ ಮ್ಯೂಸಿಯಂ ಅದ, ಆ ಗುಡಿಸಲಾ ಹಂಗ ಕಟ್ಟಿ ಇಟ್ಟಾರ. ಒಳಗ ಹೆಂಡತಿ ಬಾಣಲಿ ನೋಡಿ ನಾ ಭಾಳ ಹೊತ್ತು ನಿಂತೆ.

ಅಮೇರಿಕಾದ ಗೋಧಿ ಅಂದ ಕೂಡ್ಲೆ ನನಗ ನಮ್ಮ ಕನ್ನಡ ಸಾಲಿ ನೆನಪಾತು. ಮಧ್ಯಾಹ್ನ ಕೇರ್ ಉಪ್ಪಿಟ್ಟು ಕೊಡ್ತಿದ್ರಲ್ಲ, ನೆನಪದ ಏನ್ರಿ? ಮನಿಯಿಂದ ತಾಟು ಒಯ್ದು ಪಾಳಿ ಹಚ್ತಿದ್ವಿ. ಅದೂ ಅಲ್ಲಿಂದನ ಬಂದ ರವಾ. ಆ ಅಜ್ಜಿಗೆ ಸಾಲ್ಯಾಗ ಬ್ರೆಡ್ಡು, ಹಾಲಪುಡಿ ಕೊಡ್ತಿದ್ರಂತ. ಅಕಿ, ನಾ ಇಬ್ಬರೂ ಬ್ಯಾರೆ ಬ್ಯಾರೆ ಸಮುದ್ರದ ದಂಡಿಗೆ ತಾಟು ಹಿಡಕೊಂಡು ನಿಂತವರು.

ತಾಕೊಯಾಕಿ ಹಂಚು ನೋಡಿದ್ರ ಅದು ನಮ್ಮ ಪಡ್ಡಿನ ಹಂಚು. ಕುಣಿ ಕುಣಿ, ಕಡ್ಡಿಲೆ ತಿರುವೋದು, ಎಲ್ಲಾ ಅದ. ಒಸಾಕಾದಾಗ ಆ ಹಂಚು ಇಲ್ಲದ ಮನಿ ಸಿಗೋದು ಕಡಿಮಿ ಅಂತಾರ. ಅವರು ಒಳಗ ಆಕ್ಟೋಪಸ್ ತುಂಡು ಹಾಕ್ತಾರ, ನಮಗ ನಡಿಯೂದಿಲ್ಲ. ಮಗಳ ಮನ್ಯಾಗ ಹೊಸಾ ಹಂಚು ಬಿದ್ದಿತ್ತು. ಅಕ್ಕಿ, ಉದ್ದಿನಬ್ಯಾಳಿ ರುಬ್ಬಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಪಡ್ಡು ಮಾಡಿದೆ.

ಅದಕ್ಕ ಅಕ್ಕಿ ಎಲ್ಲಿಂದ ಬಂತು ಅದನ್ನೂ ಹೇಳಿ ಮುಗಸ್ತೇನಿ. ಮೇ ತಿಂಗಳದಾಗ ಅಲ್ಲಿನ ಕೃಷಿ ಮಂತ್ರಿ ಭಾಷಣದಾಗ "ನಾ ಎಂದೂ ಅಕ್ಕಿ ಕೊಂಡ ಇಲ್ಲ, ಮಂದಿ ಕಾಣಿಕಿ ಕೊಟ್ಟದ್ದ ಮನ್ಯಾಗ ಸಾಕಷ್ಟು ಬಿದ್ದದ" ಅಂದುಬಿಟ್ಟ. ದೇಶ ಎಲ್ಲಾ ಸಿಟ್ಟಿಗೆದ್ತು, ಕೆಲವ ದಿನದಾಗ ಅಂವಾ ಖುರ್ಚಿ ಬಿಟ್ಟ. ಆಮ್ಯಾಲೆ ಸರಕಾರ ಆಪತ್ತಿಗೆ ಅಂತ ಕೂಡಿಸಿಟ್ಟ ಹಳೇ ಅಕ್ಕಿ ಸೋವಿ ಬೆಲಿಗೆ ಅಂಗಡಿಗೆ ಬಿಡ್ತು, 5 ಕಿಲೋಕ್ಕ 2,000 ಯೆನ್ ಆಸುಪಾಸು. ಜೂನ್‌ನಾಗ ಮುಂಜಾನೆ ಎದ್ದು ಮಂದಿ ಪಾಳಿ ಹಚ್ಚಿದ್ರು. ಅಳಿಯಂದ್ರೂ ನಿಂತು ಒಂದ ಚೀಲ ತಂದ್ರು. ಅಂತೂ ಹಗೇವು ತಗದ್ರು ಅಂದೆ ನಾ.

ಅಲ್ಲಿನ ಮಂದಿಗೆ ಹೊಸ ಅಕ್ಕಿ ಸೇರ್ತದ, ಹಳೇದಕ್ಕ ಮೂಗು ಮುರೀತಾರ. ನಮಗ ಹಳೇ ಅಕ್ಕಿನ ಛೊಲೊ ಅಲ್ಲೇನ್ರಿ? ಆ ಚೀಲದ ಅಕ್ಕಿಲೆ ಪಡ್ಡು ಭಾಳ ಛೊಲೊ ಬಂದ್ವು. ಒಂದ ತಾಟು ಕೆಳಗಿನ ಅಜ್ಜಿಗೆ ಒಯ್ದು ಕೊಟ್ಟೆ. ಅಕಿ ಒಂದ ಮುರದು ಒಳಗ ನೋಡಿದ್ಲು, ತಾಕೊ ಎಲ್ಲೆ ಅಂತ ಹುಡುಕಿದ್ಲು ಕಾಣ್ತದ. ಶೇಂಗಾ ಚಟ್ನಿಪುಡಿ ಹಚ್ಚಿ ಎಲ್ಲಾ ತಿಂದ್ಲು. ತಾಟು ತಿರಗಿ ಕೊಡೋ ಮುಂದ ಬರೀ ಕೈಲೆ ಕೊಡಲಿಲ್ಲ, ಒಂದ ಪಟ್ಟಿ ಕೊಂಬು ಸುತ್ತಿ ಇಟ್ಟಿದ್ಲು. ಅದು ಈಗ ನಮ್ಮ ಅಡಿಗಿಮನ್ಯಾಗ ಡಬ್ಬಿಯೊಳಗ ಅದ. ಬಂದ್ರ ಸಾರು ಮಾಡಿ ಕುಡಸ್ತೇನಿ, ಸಪ್ಪಗ ಅದ ಅಂತ ಮಾತ್ರ ಅನಬ್ಯಾಡ್ರಿ.